ಬೀಡಿಯಿಲ್ಲದ ಬಿಡುವು

ಬಂದೇಅಲಿಯ ಕಾಲು ಕೆಟ್ಟದ್ದರಲ್ಲಿ ನಮ್ಮ ಸಂಘದ ಪಾಲೂ ಇದೆ. ಅದನ್ನು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ.

ಶಹಾಬಾದಿಗೂ ವಾಡಿಗೂ ನಡುವಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ ಆಗ ಹೊತ್ತು ಹುಟ್ಟಿದಾಗ ಎತ್ತಿದ ಸುತ್ತಿಗೆ ಹೊತ್ತು ಮುಳುಗಿದಾಗ ಇಳಿಯುತ್ತಿತ್ತು. ಅರವತ್ತೆಂಟರಲ್ಲಿ ಹನ್ನೊಂದು ದಿನ ಕೆಲಸ ನಿಲ್ಲಿಸಿ ಕೂತೆವು. ಮಾಲೀಕ ಕೊನೆಗೆ ಒಪ್ಪಿದ್ದು ಇಷ್ಟೇ: ದಿನಕ್ಕೆ ಎರಡು ಸಲ, ಒಂದು ಬೀಡಿ ಸುಟ್ಟು ಮುಗಿಯುವಷ್ಟು ಹೊತ್ತು ಬಿಡುವು. ಗೆದ್ದೆವೆಂದು ಗುಲಾಲು ಹಾರಿಸಿದೆವು. ಸಂಘದ ಸೆಕ್ರೆಟರಿ ನಾನೇ, ಕಾಗದದ ಮೇಲೆ ಸಹಿ ಹಾಕಿದವನೂ ನಾನೇ. ನಮ್ಮ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಬಸವಂತರಾಯ ಆ ಕಾಗದವನ್ನು ಅಕ್ಷರಕ್ಕೆ ಅಕ್ಷರ ಹಿಡಿದ. ಬಾಯಲ್ಲಿ ಬೀಡಿ ಹೊಗೆಯಾಡುತ್ತಿದ್ದರೆ ಕೂಡಬಹುದು, ಇಲ್ಲದಿದ್ದರೆ ಏಳಬೇಕು. ಬೀಡಿಯ ಮುಖ ನೋಡದವರೂ ಸೊಂಟ ನೆಟ್ಟಗೆ ಮಾಡಿಕೊಳ್ಳುವ ಆಸೆಗೆ ಸೇದಲು ಕಲಿತರು. ಬಂದೇಅಲಿ ಅಂಥವನೊಬ್ಬ.

ಒಳ್ಳೆಯ ಕಲ್ಲುಕುಟಿಗ. ಉಳಿ ಹಚ್ಚುವ ಮೊದಲು ಬಂಡೆಯನ್ನು ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ ಕಿವಿಗೊಡುತ್ತಿದ್ದ. ಒಳಗೆ ಸೀಳು ಎಲ್ಲಿದೆಯೆಂದು ಅವನಿಗೆ ಗೊತ್ತಾಗುತ್ತಿತ್ತು. ಅವನು ತೆಗೆದ ಫರಸಿ ರೊಟ್ಟಿಯಂತೆ ಏಳುತ್ತಿತ್ತು.

ಮನೆಯಿಂದ ಗಣಿಗೆ ರೈಲು ಹಳಿಯ ಪಕ್ಕದಲ್ಲಿ ಹನ್ನೆರಡು ತಂತಿ ಕಂಬದ ದಾರಿ. ಅವನಿಗೆ ವಯಸ್ಸು ಮೂವತ್ಮೂರು ದಾಟಿದ ವರ್ಷ ಎಡಗಾಲಿನ ಮೀನಖಂಡ ಹಿಡಿಯತೊಡಗಿತು. ಆರು ಕಂಬ ನಡೆದರೆ ನೋವು. ನಿಂತು ಬೀಡಿ ಹಚ್ಚಿದರೆ, ಬೀಡಿ ಮುಗಿಯುವಷ್ಟರಲ್ಲಿ ನೋವು ಮಾಯ. ಬೀಡಿಯೇ ಔಷಧ ಎಂದು ಅವನು ನಂಬಿದ. ಗಣಿಯವರೆಲ್ಲ ನಂಬಿದರು, ನಾನೂ ನಂಬಿದೆ. ಆರು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಎರಡಾಯಿತು.

ಹೆಂಡತಿ ಸುಗರಾಬಿ ನನ್ನೆದುರೇ ಅವನನ್ನು ಬೈಯುತ್ತಿದ್ದಳು. "ಕಂಬಕ್ಕೊಂದು ಊದುಕಡ್ಡಿ ಹಚ್ಚಿ ಬರ್ತಾರ ನೋಡ್ರಿ ನಮ್ಮ ಸಾಹೇಬ್ರು. ರೇಲ್ವೆದವರು ಇವರಿಗಿ ಪಗಾರ ಕೊಡಬೇಕು!"

"ನೀ ಸುಮ್ನಿರು. ಬೀಡಿ ಇಲ್ಲಂದ್ರ ನಾ ಮನಿಗೇ ಮುಟ್ಟಲ್ಲ," ಎಂದು ಅವನು ನಗುತ್ತಿದ್ದ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಕಲ್ಲಿನ ಚಕ್ಕೆ ಬಡಿದು ಎಡಗಾಲಿನ ಕಿರುಬೆರಳಿಗೆ ಗಾಯವಾಯಿತು. ಮಾಯಲಿಲ್ಲ. ಮುಲಾಮು ಹಚ್ಚಿದರು, ಬಿಸಿ ಇಟ್ಟಿಗೆಯ ಶಾಖ ಕೊಟ್ಟರು. ಬೆರಳು ಕಪ್ಪಾಯಿತು, ಪಕ್ಕದ್ದೂ ಕಪ್ಪಾಯಿತು, ನಾರತೊಡಗಿತು. ಇಲ್ಲಿಯ ಡಾಕ್ಟರರು ಮೊಣಕಾಲಿನ ಕೆಳಗೆ ಕೊಯ್ಯಬೇಕು ಎಂದರು. ಕಾಲಿಲ್ಲದ ಕಲ್ಲುಕುಟಿಗ ಏನು ತಿನ್ನಬೇಕು? ಅವನನ್ನು ವಾಡಿಯಲ್ಲಿ ರೈಲು ಹತ್ತಿಸಿಕೊಂಡು ಹೈದರಾಬಾದಿಗೆ ಒಯ್ದೆ. ಅಲ್ಲೊಂದು ದೊಡ್ಡ ದವಾಖಾನೆಯಲ್ಲಿ ರಕ್ತನಾಳದ ರೋಗಕ್ಕೇ ಬೇರೆ ವಿಭಾಗವಿತ್ತು. ಜನ ಅದನ್ನು ರಗದ ವಾರ್ಡು ಅನ್ನುತ್ತಿದ್ದರು.

ಅಲ್ಲಿನ ಡಾಕ್ಟರು ಬೆಳ್ಳಿಕೂದಲಿನ ಹೆಂಗಸು, ಹುಮನಾಬಾದ್ ಕಡೆಯವರು, ನಮ್ಮ ಮಾತೇ ಆಡುತ್ತಿದ್ದರು. ಮೊದಲು ಅವನನ್ನು ಪಡಸಾಲೆಯಲ್ಲಿ ನಡೆಸಿದರು, ಎಲ್ಲಿ ನಿಲ್ಲುತ್ತಾನೆಂದು ನೋಡಿದರು. ಆಮೇಲೆ ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಕೂತರು. ಬಡಿತವಿಲ್ಲ. ನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸರೇ ನನಗೂ ತೋರಿಸಿದರು. ಮೊಣಕಾಲಿನ ಕೆಳಗೆ ದಾರಿ ಅಲ್ಲಲ್ಲಿ ಕಡಿದು, ಹೂಳು ತುಂಬಿದ ಕಾಲುವೆಯಂತೆ ಇತ್ತು.

"ನೋವು ಇಳಿಸಿದ್ದು ಬೀಡಿ ಅಲ್ಲಪ್ಪ, ನೀನು ನಿಂತದ್ದು," ಎಂದರು ಡಾಕ್ಟರು. "ನಿಂತ್ರ ಕಾಲಿಗಿ ರಕ್ತ ಸಾಕಾಗ್ತದ. ಆ ಹೊತ್ತಿನ್ಯಾಗ ನೀ ಸೇದಿದ ಹೊಗಿ ಇನ್ನೊಂದು ರಗ ಮುಚ್ಚಲಿಕತ್ತಿತ್ತು. ಈಗ ಹೇಳು, ಬೀಡಿ ಇಟ್ಕೋತಿಯೋ, ಕಾಲು ಇಟ್ಕೋತಿಯೋ?"

ಬಂದೇಅಲಿ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ.

ಎರಡು ಬೆರಳು ತೆಗೆದರು. ಸೊಂಟದ ಹತ್ತಿರ ಒಂದು ನರ ಕತ್ತರಿಸಿ, ಸಣ್ಣ ನಾಳಗಳು ಹಿಗ್ಗಿ ಪಾದಕ್ಕೆ ಅಷ್ಟಿಷ್ಟು ರಕ್ತ ಇಳಿಯುವಂತೆ ಮಾಡಿದರು. ಕಾಲು ಉಳಿಯಿತು, ಆದರೆ ಷರತ್ತಿನ ಮೇಲೆ. ಒಂದು ಬೀಡಿ ಸೇದಿದರೂ ಮುಂದಿನ ಸಲ ಕೊಡಲಿಯೇ ಗತಿ ಎಂದು ಡಾಕ್ಟರು ಹೆದರಿಸಿ ಕಳಿಸಿದರು. ಅಷ್ಟರಲ್ಲಿ ಅವನು ಬಡಿತ ಹಿಡಿಯುವುದನ್ನು ಅವರಿಂದಲೇ ಕಲಿತಿದ್ದ. ವಾರ್ಡಿನಲ್ಲಿ ಯಾರ ಕಾಲು ಕಂಡರೂ ಬೆರಳಿಡುತ್ತಿದ್ದ. "ಕಲ್ಲು ಕೇಳಿದಂಗೇ ಅದ," ಎಂದ ನನಗೆ.

ನಾಲ್ಕು ತಿಂಗಳ ಮೇಲೆ ಗಣಿಗೆ ಬಂದ. ಬಿಡುವಿನ ಸೀಟಿ ಕೂಗಿತು. ಎಲ್ಲರೂ ಕೂತರು, ಅವನೂ ಕೂತ.

"ಬೀಡಿ ಎಲ್ಲಿ?" ಎಂದ ಬಸವಂತರಾಯ.

"ಬಿಟ್ಟೀನ್ರಿ."

"ಬಿಟ್ಟಿದ್ರ ಭಾಳ ಚೊಲೊ ಆತು. ಏಳು, ಸುತ್ತಿಗಿ ಹಿಡಿ."

ಎಂಟು ದಿನ ಅವನು ಬಿಡುವಿಲ್ಲದೆ ಕುಟ್ಟಿದ. ಒಂಬತ್ತನೆಯ ದಿನ ಜೊತೆಗಾರ ಪೀರಪ್ಪ ಒಂದು ಬೀಡಿ ಚಾಚಿ, "ಹಚ್ಚಬ್ಯಾಡೋ ಮಾರಾಯ, ಸುಮ್ನ ಬಾಯಾಗ ಇಟ್ಕೊಂಡು ಕುಂದ್ರು," ಎಂದ. ಇಟ್ಟುಕೊಂಡ. ತುಟಿಗೆ ಎಲೆ ತಾಗಿದ್ದೇ ತಡ, ಕೈ ತಾನಾಗಿ ಪೀರಪ್ಪನ ಕಡ್ಡಿಪೆಟ್ಟಿಗೆಗೆ ಹೋಯಿತು. ಬೀಡಿಯನ್ನು ಉಗಿದು ಎದ್ದ.

ಆ ಸಂಜೆ ನನ್ನ ಮನೆಗೆ ಬಂದ. "ಸೆಕ್ರೆಟ್ರಿ ಸಾಬ್, ಇಂದು ಕಡ್ಡಿ ಗೀರ್ತಿದ್ದೆ. ಈ ಬೀಡಿ ಬಿಡುವು ತಂದವರು ನೀವು. ಏನರೆ ಮಾಡ್ರಿ."

ಅರ್ಜಿ ಬರೆದೆ. ಮಾಲೀಕನ ಆಫೀಸಿನಲ್ಲಿ ಅದು ಮಲಗಿತು. ಅರ್ಜಿ ಏಳುವುದನ್ನು ಅವನ ಕಾಲು ಕಾಯುವಂತಿರಲಿಲ್ಲ.

ವಾರದ ಮೇಲೆ ಸೀಟಿ ಕೂಗಿದಾಗ ಅವನು ಬಸವಂತರಾಯನ ನಡಿಗೆಯನ್ನೇ ದಿಟ್ಟಿಸಿದ. ಮುಕಾದಮನೂ ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವನೇ.

"ಮುಕಾದಮ್ರೆ, ಎಡಗಾಲು ಎಳೀಲಿಕತ್ತೀರಲ್ಲ?"

"ಯಾರು? ನಾನೇನು?"

"ನಂದೂ ಹಿಂಗೇ ಸುರು ಆಗಿತ್ರಿ. ಚಪ್ಲಿ ತೆಗಿರಿ, ನೋಡ್ತೀನಿ."

ಬಂದೇಅಲಿಯ ಕುಂಟು ಪಾದ ನೋಡುತ್ತ ಬಸವಂತರಾಯ ಬಂಡೆಯ ಮೇಲೆ ಕುಸಿದು ಕೂತ. ಬಂದೇಅಲಿ ಎದುರಿಗೆ ಆರಾಮಾಗಿ ಕೂತು ಪಾದದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದ. ಹೊತ್ತು ಹೋಯಿತು. ಉಳಿದವರ ಬೀಡಿ ಮುಗಿದವು. ಯಾರೋ ಸುತ್ತಿಗೆ ಎತ್ತಿದರು.

"ಸಪ್ಪಳಕ್ಕ ಬಡಿತ ಸಿಗವಲ್ತು," ಎಂದ ಬಂದೇಅಲಿ.

"ಯಾರೂ ಸುತ್ತಿಗಿ ಎತ್ತಬ್ಯಾಡ್ರಿ!" ಎಂದು ಮುಕಾದಮ ಕಿರುಚಿದ.

ಐವತ್ತು ಸುತ್ತಿಗೆ ಸುಮ್ಮನಾದವು. ಕೆಲಸದ ಹೊತ್ತಿನಲ್ಲಿ ಗಣಿಯಲ್ಲಿ ಗುಬ್ಬಿಯ ದನಿ ಕೇಳಿದ್ದು ಅಂದೇ ಮೊದಲು.

ಕೊನೆಗೆ ಬಂದೇಅಲಿ ಕಣ್ಣು ತೆರೆದು, "ಅದ. ಆದ್ರ ಸಣ್ಣಗ ಅದ. ದಿನಾ ನೋಡಬೇಕಾಗ್ತದ," ಎಂದ.

ಸಂಜೆ ನಾನು ಕೇಳಿದೆ. "ಖರೇನೇ ಸಣ್ಣಗಿತ್ತೇನೋ?"

"ಎಲ್ಲಿ ಸಣ್ಣ? ಮುಟ್ಟಿದ ಕೂಡ್ಲೆ ಹೋರಿ ಒದ್ದಂಗ ಒದೀಲಿಕತ್ತಿತ್ತು!"

ಆಮೇಲೆ ಅವನ ಬಿಡುವಿಗೆ ಯಾರೂ ಬೀಡಿ ಕೇಳಲಿಲ್ಲ. ಮುಕಾದಮನ ಕಾಲು ಮುಗಿಸಿ ಒಬ್ಬೊಬ್ಬರದೇ ಹಿಡಿಯುತ್ತಿದ್ದ. ಚಿಕ್ಕವರು ಮೊದಮೊದಲು ಹಾರಿ ಹಿಂದೆ ಸರಿಯುತ್ತಿದ್ದರು: "ನೀ ಹಿರಿಯಾಂವ, ನಮ್ ಕಾಲು ಮುಟ್ಟತೀಯೇನು?"

"ಪಾಪ ಬಂದ್ರ ನಾ ಇಟ್ಕೋತೀನಿ, ಕಾಲು ಚಾಚಲೇ!"

ಒಂದು ದಿನ ಪೀರಪ್ಪನ ಬಲಪಾದದ ಮೇಲೆ ಬೆರಳು ಅತ್ತಿತ್ತ ಸರಿದವು, ನಿಂತವು, ಮತ್ತೆ ಸರಿದವು. ಅಂದು ಅವನು ನಗಿಸಲಿಲ್ಲ. "ಮುಕಾದಮ್ರೆ, ನಾಳಿ ಪೀರಪ್ಪನ ಹಾಜರಿ ಹಿಡೀಬ್ಯಾಡ್ರಿ. ನಂದೂ," ಎಂದ.

ಮರುದಿನ ಮುಂಜಾನೆ ಹೈದರಾಬಾದಿನ ರೈಲು ಹಿಡಿಯಲು ಸ್ಟೇಷನ್ನಿಗೆ ಇಬ್ಬರೂ ಹಳಿಯ ಪಕ್ಕ ನಡೆದುಹೋಗುವುದನ್ನು ನಾನು ನೋಡಿದೆ. ಎಂಟು ಕಾಲ್ಬೆರಳಿನ ಬಂದೇಅಲಿ ಮುಂದೆ. ಐದನೆಯ ಕಂಬದ ಹತ್ತಿರ ಪೀರಪ್ಪ ನಿಂತು ಬೀಡಿ ಬಾಯಿಗಿಟ್ಟ. ಬಂದೇಅಲಿ ತಿರುಗಿ ಬಂದು ಅದನ್ನು ಕಿತ್ತು ಹಳಿಯಾಚೆ ಎಸೆದ. ಆಮೇಲೆ, ನೋವು ಇಳಿಯುವ ತನಕ, ಅವನ ಪಕ್ಕದಲ್ಲಿ ಸುಮ್ಮನೆ ನಿಂತ.