ಜಿಪ್ಪಕ್ಕ ಬಿಟ್ಟು ಹೋಗುತ್ತಿದ್ದ ಕನ್ನಡಕ

ಜಿಪ್ಪಕ್ಕನನ್ನು ಅಜ್ಜಿ ಮೊದಲು ನೋಡಿದ ದಿನ ಆ ಹೆಂಗಸು ತನ್ನದೇ ಮನೆಯ ಒಳಕೋಣೆಯ ಬಾಗಿಲು ತಟ್ಟುತ್ತ ನಿಂತಿದ್ದಳು. ಒಳಗಿದ್ದವಳು ಆರು ವರ್ಷದ ಹುಡುಗಿ, ಅಜ್ಜಿಯ ಸ್ವಂತ ಮೊಮ್ಮಗಳು.

“ಮರಿ, ನಾನು ಕಣೇ. ಒಳಗೆ ಬರ್ಲಾ?”

ಜಿಪ್ಪಕ್ಕ ಬಾಗಿಲು ದೂಡಲಿಲ್ಲ. ಅಜ್ಜಿ ಗೋಡೆಯ ಗಡಿಯಾರ ನೋಡಿದಳು. ಪೂರಾ ನಾಲ್ಕು ನಿಮಿಷವಾದ ಮೇಲೆ ಒಳಗಿಂದ ಸಣ್ಣದೊಂದು “ಹೂಂ” ಬಂತು. ಗೇಣುದ್ದದ ಮಗುವಿನ ಅಪ್ಪಣೆ ಕೇಳಿ ನಡೆಯುವ ಮನೆ! ಅಜ್ಜಿ ಮನಸ್ಸಿನಲ್ಲೇ ಮೂಗು ಮುರಿದಳು. ಆದರೆ ಬಾಗಿಲು ತೆರೆದಾಗ ಮಗು ಕಣ್ಣಿಟ್ಟದ್ದು ಜಿಪ್ಪಕ್ಕನ ಮುಖದ ಮೇಲೆ. ಅಜ್ಜಿಯನ್ನು ಕಂಡದ್ದೇ ತಡ, ಮಂಚದ ಕೆಳಗೆ ನುಸುಳಿತು. ಅಜ್ಜಿಯ ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು. ಆ ಕೆಂಡ ಏಳು ತಿಂಗಳಾದರೂ ಆರಲಿಲ್ಲ.

ಮಗಳು ತೀರಿಕೊಂಡ ಮೇಲೆ ಅಳಿಯ ಮಗುವನ್ನು ಕೋಣೆಯಲ್ಲಿ ಬಿಟ್ಟು, ಹೊರಗಿಂದ ಚಿಲಕ ಎಳೆದು, ಒಮ್ಮೊಮ್ಮೆ ಎರಡೆರಡು ದಿನ ಮನೆಗೆ ಬರುತ್ತಿರಲಿಲ್ಲವಂತೆ. ಅಕ್ಕಪಕ್ಕದವರು ದೂರು ಕೊಟ್ಟು, ಮಕ್ಕಳ ರಕ್ಷಣೆಯ ಕಚೇರಿಯವರು ಬಂದು ಬಾಗಿಲು ತೆಗೆಸಿ, ಮಗುವನ್ನು ನೋಡಿಕೊಳ್ಳಲು ಜಿಪ್ಪಕ್ಕನಿಗೆ ಒಪ್ಪಿಸಿದ್ದರು. ಅದಕ್ಕೆ ಮುಂಚೆ ಅಜ್ಜಿ ಎರಡು ಸಲ ಅಳಿಯನ ಮನೆಗೆ ಹೋಗಿದ್ದಳು. ಎರಡು ಸಲವೂ ಮಗು ಅವಳ ಕೈಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. “ನಾಳೆ ಬರ್ತೀನಿ ಕಂದಾ” ಎಂದು ಒಂದೊಂದೇ ಬೆರಳು ಬಿಡಿಸಿಕೊಂಡು ಬಂದವಳು ಮಾರನೆಯ ದಿನ ಹೋಗಿರಲಿಲ್ಲ.

“ನೀವು ಅಜ್ಜಿ ಅಲ್ಲ ಅಂತ ಯಾರೂ ಅನ್ನಲ್ಲ. ಆದ್ರೆ ಮಗು ನಿಮ್ಮನ್ನ ನಂಬಬೇಕಲ್ಲ? ಅಲ್ಲಿವರೆಗೂ ಇವರ ಹತ್ರ ಇರ್ಲಿ. ನೀವು ಪ್ರತಿ ಶನಿವಾರ ಬನ್ನಿ” ಎಂದಿದ್ದರು ಕಚೇರಿಯ ಮೇಡಂ. ಅವರು ಬರೆದುಕೊಟ್ಟರೆ ಮಗು ಅಜ್ಜಿಯ ಮನೆಗೆ, ಇಲ್ಲವಾದರೆ ಇಲ್ಲ.

ಜಿಪ್ಪಕ್ಕನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಿರಲಿಲ್ಲ. ಮುಂದಿನ ಕೋಣೆಯೇ ಅವಳ ಅಂಗಡಿ. ಬಾಯಿ ಬಿಟ್ಟುಕೊಂಡ ಸೂಟ್‌ಕೇಸು, ಶಾಲೆಯ ಬ್ಯಾಗು, ಹಲ್ಲು ಉದುರಿದ ಜಾಕೆಟ್ಟುಗಳ ರಾಶಿ. ಹಳೆಯ ಜಿಪ್ಪು ಬಿಚ್ಚಿ ಹೊಸದು ಹಾಕುವುದೇ ಕಸುಬು. ಹತ್ತು ವರ್ಷದಲ್ಲಿ ಹೀಗೇ ಹನ್ನೊಂದು ಮಕ್ಕಳು ಆ ಮನೆಯಲ್ಲಿದ್ದು, ಒಬ್ಬೊಬ್ಬರಾಗಿ ತಮ್ಮ ತಮ್ಮವರ ಮನೆಗೆ ಹೋಗಿದ್ದರು. ಒಳಗಿನ ಯಾವ ಬಾಗಿಲಿಗೂ ಚಿಲಕವಿರಲಿಲ್ಲ. ಎಲ್ಲದರ ಸ್ಕ್ರೂ ಬಿಚ್ಚಿ ತಾನೇ ತೆಗೆದಿದ್ದಳು. ಬಚ್ಚಲಲ್ಲಿ ಯಾರಾದರೂ ಇದ್ದರೆ ಬಾಗಿಲಾಚೆ ಚಪ್ಪಲಿ ಬಿಡಬೇಕು, ಅದೇ ಚಿಲಕ.

ಹೊರಗೆ ಹೊರಟಾಗಲೆಲ್ಲ ಜಿಪ್ಪಕ್ಕ ಕನ್ನಡಕ ತೆಗೆದು ಮಗುವಿನ ಕೈಗೆ ಕೊಡುತ್ತಿದ್ದಳು.

“ಇದಿಲ್ದೆ ನಂಗೆ ಸೂಜಿ ಯಾವುದು ಮೊಳೆ ಯಾವುದು ಗೊತ್ತಾಗಲ್ಲ. ಹಾಗಿದ್ಮೇಲೆ ವಾಪಸ್ ಬರ್ಲೇಬೇಕು ತಾನೇ?”

ಹೀಗೆ ಹೋಗಿ ಒಂದು ಶನಿವಾರ ಸಕ್ಕರೆ ಎಂದುಕೊಂಡು ಉಪ್ಪು ತಂದಳು. ಚಹಾ ಕುಡಿದ ಅಜ್ಜಿಯ ಮುಖ ನೋಡಿ ಮಗು ಕಿಸಕ್ಕನೆ ನಕ್ಕಿತು. ಮೊಮ್ಮಗಳ ನಗುವನ್ನು ಅಜ್ಜಿ ಅಷ್ಟು ಹತ್ತಿರದಿಂದ ಕೇಳಿ ಒಂದೂವರೆ ವರ್ಷವಾಗಿತ್ತು. ಸಂತೋಷಪಡುವುದು ಬಿಟ್ಟು, ನಗಿಸಿದವಳು ಈ ಜಿಪ್ಪಿನವಳಲ್ಲವೇ ಎಂದು ಉರಿದುಬಿದ್ದಳು. ತಾನು ತಂದ ಹಳದಿ ಫ್ರಾಕನ್ನು ಮಗು ಜಿಪ್ಪಕ್ಕನ ಮುಂದೆ ಹಿಡಿದು “ಹಾಕ್ಕೊಳ್ಲಾ?” ಎಂದು ಕೇಳಿದಾಗಲಂತೂ, ಹೆತ್ತಿಲ್ಲ ಹೊತ್ತಿಲ್ಲ, ದರ್ಬಾರು ನೋಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಮೂರನೆಯ ತಿಂಗಳಲ್ಲಿ ಒಂದು ಶನಿವಾರ ಮಧ್ಯಾಹ್ನ ಮಗು ಮಲಗಿತ್ತು. ಜಿಪ್ಪಕ್ಕ ಕನ್ನಡಕವನ್ನು ಅದರ ಪಕ್ಕ ಇಟ್ಟು, ರಿಪೇರಿಯಾದ ಸೂಟ್‌ಕೇಸು ಕೊಟ್ಟು ಬರಲು ಹೋಗಿದ್ದಳು. ದಿಂಬಿನ ಕೆಳಗಿಂದ ನೀಲಿ ಬಟ್ಟೆಯ ಪುಟ್ಟ ಚೀಲವೊಂದು ಇಣುಕುತ್ತಿತ್ತು. ಅಜ್ಜಿ ಜಿಪ್ಪು ಎಳೆದಳು. ಒಣಗಿದ ಬ್ರೆಡ್ಡಿನ ಚೂರು, ಕಪ್ಪಾದ ಅರ್ಧ ಬಾಳೆಹಣ್ಣು, ಸಾಲುಗಟ್ಟಿದ ಇರುವೆ.

ಅಜ್ಜಿ ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ ಮಾಡಿದವಳು. ಕೊಳೆ ಕಂಡರೆ ಅವಳ ಕೈ ಸುಮ್ಮನಿರದು. ಅಂದು ಕೈಯ ಜೊತೆ ಹೊಟ್ಟೆಕಿಚ್ಚೂ ಸೇರಿತು. ಹೀಗಾ ಮಗು ಸಾಕೋದು? ನೋಡಲಿ, ಅಜ್ಜಿ ಅಂದರೆ ಏನು ಅಂತ ಅವಳೂ ನೋಡಲಿ. ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದು, ಚೀಲಕ್ಕೆ ಸೋಪು ಹಚ್ಚಿ ಉಜ್ಜಿ, ಹಿಂಡಿ, ಕಿಟಕಿಗೆ ನೇತುಹಾಕಿದಳು.

ಮಗು ಎದ್ದು ದಿಂಬಿನ ಕೆಳಗೆ ಕೈ ಹಾಕಿತು. ಇನ್ನೊಮ್ಮೆ ಹಾಕಿತು. ಅಳಲಿಲ್ಲ. ನಿಂತಲ್ಲೇ ಉಚ್ಚೆ ಹೊಯ್ದುಕೊಂಡು, ಕನ್ನಡಕ ಹಿಡಿದುಕೊಂಡೇ ಹೊಲಿಗೆ ಮೆಷಿನ್ನಿನ ಕೆಳಗೆ ಹೋಗಿ ಮುದುಡಿ ಕೂತಿತು. ಅಜ್ಜಿ ಕೈ ಚಾಚಿದರೆ ಕಚ್ಚಿತು.

ಜಿಪ್ಪಕ್ಕ ಬಂದವಳು ಕಿಟಕಿ ನೋಡಿದಳು, ಮೆಷಿನ್ನಿನ ಕೆಳಗೆ ನೋಡಿದಳು. ಒಂದು ಮಾರು ದೂರದಲ್ಲಿ ನೆಲದ ಮೇಲೆ ಕೂತಳು.

“ಮರಿ, ಚೀಲ ಎಲ್ಲೂ ಹೋಗಿಲ್ಲ. ಒದ್ದೆ ಆಗಿದೆ, ಅಷ್ಟೇ. ಬ್ರೆಡ್ಡು ಇಲ್ಲಿದೆ. ಎಷ್ಟು ಬೇಕು?”

ಮುಕ್ಕಾಲು ಗಂಟೆಯ ಮೇಲೆ ಸಣ್ಣ ಕೈ ಹೊರಗೆ ಬಂದು ನಾಲ್ಕು ಬೆರಳು ತೋರಿಸಿತು.

ಮಗು ಶಾಂತವಾದ ಮೇಲೆ ಜಿಪ್ಪಕ್ಕ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದಳು: “ಪ್ರತಿ ಶನಿವಾರ ನೀವು ಹೋದ್ಮೇಲೆ ನಾವಿಬ್ರೂ ಕೂತು ಅದನ್ನ ಬದಲಾಯಿಸ್ತೀವಿ. ಮೊದ್ಲು ಹೊಸದು ಒಳಗೆ, ಆಮೇಲೆ ಹಳೇದು ಹೊರಗೆ. ಆ ಚೀಲ ಒಂದು ಗಳಿಗೆನೂ ಖಾಲಿ ಇರ್ಬಾರ್ದು ಅಜ್ಜಿ. ಖಾಲಿ ಅಂದ್ರೆ ಅವಳಿಗೆ ಮತ್ತೆ ಆ ಕೋಣೆ.”

“ನಂಗೇನು ಕನಸು ಬಿದ್ದಿತ್ತಾ? ಮುಂಚೆನೇ ಬಾಯಿ ಬಿಟ್ಟು ಹೇಳೋಕೆ ನಿಂಗೇನಾಗಿತ್ತು?”

ಜಿಪ್ಪಕ್ಕ ತಟ್ಟೆ ಒರೆಸುತ್ತಿದ್ದವಳು ನಿಲ್ಲಿಸಿದಳು. “ಹೊಟ್ಟೆಕಿಚ್ಚು. ನೀವು ಕಲಿತ್ಬಿಟ್ರೆ ಇವಳೂ ಹೋಗ್ತಾಳಲ್ಲ. ಹನ್ನೊಂದು ಸಲ ಬೀಳ್ಕೊಟ್ಟಿದ್ದೀನಿ. ಈ ಸಲ ಮನಸ್ಸು ಬರ್ಲಿಲ್ಲ.”

ತನ್ನ ಹೊಟ್ಟೆಯ ಕೆಂಡ ಎದುರಿನವಳ ಹೊಟ್ಟೆಯಲ್ಲೂ ಇದೆ ಎಂದು ಅಜ್ಜಿ ಎಣಿಸಿರಲಿಲ್ಲ. ಕನಿಕರ ಬರಲಿಲ್ಲ, ಆದರೆ ಬೆನ್ನು ಸ್ವಲ್ಪ ಹಗುರವಾಯಿತು. ಮೇಡಂ ಬಂದಾಗ, ಜಿಪ್ಪಕ್ಕ ಬಾಯಿ ತೆರೆಯುವ ಮೊದಲೇ, ಚೀಲದ ಕಥೆಯನ್ನು ತಾನೇ ಹೇಳಿದಳು. ಮೇಡಂ ಇನ್ನೂ ನಾಲ್ಕು ತಿಂಗಳು ಮುಂದೂಡಿದರು.

ಆಮೇಲೆ ಅಜ್ಜಿ ಶನಿವಾರ ಹೊರಡುವಾಗ ತನ್ನ ಕೈಚೀಲವನ್ನು ಮಗುವಿನ ಪಕ್ಕ ಇಟ್ಟು, ಬಸ್ಸಿನ ಚಿಲ್ಲರೆಯನ್ನಷ್ಟೇ ಮುಷ್ಟಿಯಲ್ಲಿ ಹಿಡಿದು ಹೋಗತೊಡಗಿದಳು. “ನಾಳೆ” ಎನ್ನಲಿಲ್ಲ. “ಶನಿವಾರ, ಹತ್ತು ಗಂಟೆಗೆ” ಎಂದಳು, ಹತ್ತಕ್ಕೆ ಐದು ನಿಮಿಷವಿದ್ದಾಗಲೇ ಬಂದು ಬಾಗಿಲು ತಟ್ಟಿದಳು. ಮೊದಲ ಆರು ವಾರ ಮಗು ಕೈಚೀಲವನ್ನು ಮುಟ್ಟಲಿಲ್ಲ. ಏಳನೆಯ ವಾರ ಅಜ್ಜಿ ಬಂದು ಅದನ್ನು ತೆರೆದರೆ, ಕರವಸ್ತ್ರದ ಮಡಿಕೆಯಲ್ಲಿ ಒಂದು ತುಂಡು ಬ್ರೆಡ್ಡು ಇತ್ತು. ಇಷ್ಟು ವರ್ಷ ಕಲೆ ಕಂಡಲ್ಲಿ ಸೋಪು ಹಚ್ಚಿದವಳು ಆ ಕರವಸ್ತ್ರವನ್ನು ಕೊಡವಲೂ ಇಲ್ಲ.

ಮೇಡಂ ಬರೆದುಕೊಟ್ಟರು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ಓದಿ ರುಜು ಹಾಕಿದಳು. ಮನೆಗೆ ಬಂದು ಒಳಬಾಗಿಲಿನ ಚಿಲಕದ ನಾಲ್ಕು ಸ್ಕ್ರೂ ಬಿಚ್ಚಿದಳು. ಬಿಚ್ಚುತ್ತ ಬಿಚ್ಚುತ್ತ ಒಂದು ಮಾತು ಗಟ್ಟಿ ಮಾಡಿಕೊಂಡಳು: ಇನ್ನು ಮಗು ನನ್ನದು, ಆ ಜಿಪ್ಪಿನವಳು ಈ ಕಡೆ ತಲೆ ಹಾಕಕೂಡದು.

ಹೊರಡುವ ದಿನ ಜಿಪ್ಪಕ್ಕ ಮಗುವನ್ನು ಬೀದಿಯವರೆಗೆ ಕರೆತಂದಳು. ನೀಲಿ ಚೀಲ ತುಂಬಿತ್ತು. ಎಂದಿನಂತೆ ಕನ್ನಡಕ ತೆಗೆದು ಮಗುವಿನ ಕೈಗಿಟ್ಟಳು. ಹೋಗುತ್ತಿರುವವಳು ತಾನಲ್ಲ, ಮಗು ಎಂಬುದು ಆಮೇಲೆ ಹೊಳೆದಿರಬೇಕು. ಚಾಚಿದ ಕೈ ಹಾಗೇ ನಿಂತಿತು. ಮಗು ಮಾತ್ರ ಕನ್ನಡಕವನ್ನು ಜೋಪಾನವಾಗಿ ಅಜ್ಜಿಯ ಕೈಚೀಲದೊಳಗೆ ಇಟ್ಟು, ಇವಳು ಯಾವಾಗ ಬರುತ್ತಾಳೆ ಎಂಬಂತೆ ಅಜ್ಜಿಯ ಮುಖ ನೋಡಿತು. ಹಿಂದೆ ಎರಡು ಸಲ ಆ ಬೆರಳುಗಳನ್ನು ಬಿಡಿಸಿದ್ದು ಅಜ್ಜಿಗೆ ನೆನಪಾಯಿತು. ಕೆಂಡ ಆರಿರಲಿಲ್ಲ, ಆದರೂ ಬರುತ್ತಾಳೆ ಎಂಬಂತೆ ತಲೆಯಾಡಿಸಿದಳು. ಅಲ್ಲಿಂದಾಚೆ ಜಿಪ್ಪಕ್ಕ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಶನಿವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಬಂದುಬಿಡುತ್ತಿದ್ದಳು. ಅಜ್ಜಿಯನ್ನು ಅವಳು ಕೇಳಿದ್ದು ಆ ದಿನವೇ ಕೊನೆ, ಬೀದಿಯಲ್ಲಿ, ಬರಿಗಣ್ಣು ಪಿಳಿಪಿಳಿ ಬಿಡುತ್ತ:

“ಅಜ್ಜಿ, ಕನ್ನಡಕ ಇಸ್ಕೊಳ್ಳೋಕೆ ನಿಮ್ಮನೆಗೆ ಬರ್ಲಾ?”