ಸಾರಮ್ಮನ ಪಾತ್ರೆ

ಈಗ ತಾನೇ ಅತ್ತಿಗೆ ಅಟ್ಟದಿಂದ ಪುಟ್ಟದೊಂದು ಹಿತ್ತಾಳೆ ಪಾತ್ರೆ ಇಳಿಸಿ, ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು, "ಇದನ್ನ ಹಳೇ ಪಾತ್ರೆಯವನಿಗೆ ಹಾಕಿಬಿಡಲೇನೇ?" ಎಂದು ಕೇಳಿದರು. ಹೋದ ತಿಂಗಳು ಅದನ್ನು ತೊಳೆದು ಒಲೆಯ ಪಕ್ಕ ಇಟ್ಟವಳು ನಾನೇ. ಅದು ಯಾವಾಗ ತಾನಾಗಿ ಅಟ್ಟ ಹತ್ತಿತೋ ನನಗೆ ಗೊತ್ತಿಲ್ಲ. ಅಣ್ಣನ ಮನೆಯಲ್ಲಿರುವ ತಂಗಿ ಅಂಥ ಪ್ರಶ್ನೆಗಳನ್ನು ಕೇಳಬಾರದು, ನಾನು ಕೇಳಲಿಲ್ಲ. ಒಳಗಿನ ಕಲಾಯಿ ಅಲ್ಲಲ್ಲಿ ಹೋಗಿದೆ. ಮೂಗಿನ ಹತ್ತಿರ ಹಿಡಿದರೆ ಹುಣಿಸೆಹಣ್ಣು, ಇಂಗು ಎರಡರ ವಾಸನೆಯೂ ಇನ್ನೂ ಬರುತ್ತದೆ.

ಈ ಪಾತ್ರೆಗೆ ನಮ್ಮ ಮನೆಯಲ್ಲಿ ಸಾರಮ್ಮನ ಪಾತ್ರೆ ಎಂದೇ ಹೆಸರು. ಅದರ ಕಥೆ ಹೇಳಬೇಕಾದರೆ ನಮ್ಮ ಮನೆಯ ಮಡಿಯಿಂದ ಶುರುಮಾಡಬೇಕು. ನಮ್ಮದು ವೈಷ್ಣವರ ಮನೆ. ಮದರಾಸಿಗೆ ಬಂದು ತಲೆಮಾರುಗಳಾದವು, ಬಾಯಲ್ಲಿ ಅರ್ಧ ತಮಿಳಾಯಿತು, ಆದರೆ ಒಲೆಯಿಂದ ಇಳಿದದ್ದೆಲ್ಲ ಮೊದಲು ದೇವರಿಗೆ ನೈವೇದ್ಯವಾಗಬೇಕು, ಆಮೇಲೆ ನಮ್ಮ ಬಾಯಿಗೆ. ಉಪ್ಪು ನೋಡಲಿಕ್ಕೂ ನಾಲಿಗೆಗೆ ಹಚ್ಚುವಂತಿಲ್ಲ, ಎಲ್ಲ ಕಣ್ಣಳತೆ. ನೈವೇದ್ಯವಾಗದ ಅನ್ನ ಅಮ್ಮನಿಗೆ ಅನ್ನವೇ ಅಲ್ಲ. ಹೋಟೆಲಿನ ಇಡ್ಲಿಗೆ ಯಾವ ನೈವೇದ್ಯ ಎಂದು ಮಾತ್ರ ನೀವು ಕೇಳಬೇಡಿ. ಅಮ್ಮ ಹೋಟೆಲಿಗೆ ಹೋಗುತ್ತಿರಲಿಲ್ಲ, ನಾನು ಹೋಗುತ್ತಿದ್ದೆ, ಅಷ್ಟೇ.

ಆಗ ನಾವಿದ್ದದ್ದು ಟಿ. ನಗರದ ಹಿಂಬದಿಯ ಒಂದು ವಠಾರದಲ್ಲಿ. ಈಗ ಆ ಜಾಗ ಸೀರೆ ಅಂಗಡಿಯೊಂದರ ಗೋದಾಮು. ಎದುರು ಮನೆಯ ಸಾರಮ್ಮ ರವಿಕೆ ಹೊಲಿಯುತ್ತಿದ್ದರು. ಕೋಲಾರದ ಚಿನ್ನದ ಗಣಿಯ ಕಡೆ ಬೆಳೆದ ತಮಿಳು ಕ್ರೈಸ್ತರು, ಹಾಗಾಗಿ ಕನ್ನಡ ನೀರು ಕುಡಿದಷ್ಟು ಸಲೀಸು. ಗಂಡ ತೀರಿಕೊಂಡಿದ್ದರು, ಇದ್ದವನು ಒಬ್ಬನೇ ಮಗ, ಡೇನಿಯಲ್. ಒಂದು ಹಬ್ಬದ ದಿನ ಅಮ್ಮ ಎಲೆ ಹಾಕಿ ಕರೆದಾಗ ಸಾರಮ್ಮ ಹೊಸ್ತಿಲ ಹೊರಗೇ ನಿಂತು, "ತಪ್ಪು ತಿಳೀಬೇಡಿಮ್ಮ, ನಿಮ್ಮ ದೇವರಿಗೆ ಇಟ್ಟಿದ್ದು ನಮಗೆ ಆಗಲ್ಲ. ನಮ್ಮಮ್ಮನಿಗೆ ಮಾತು ಕೊಟ್ಟಿದ್ದೀನಿ" ಎಂದರು. ಈಗಿನ ಕಾಲವಾಗಿದ್ದರೆ ಸಂಜೆಯೊಳಗೆ ವಾಟ್ಸಾಪಿನಲ್ಲಿ ಯುದ್ಧವಾಗುತ್ತಿತ್ತು.

ಅಮ್ಮನಿಗೆ ಸಿಟ್ಟು ಬರಲಿಲ್ಲ. ಇಡೀ ವಠಾರದಲ್ಲಿ ತನ್ನಷ್ಟೇ ಹಟಮಾರಿ ಹೆಂಗಸು ಇನ್ನೊಬ್ಬಳು ಸಿಕ್ಕಳೆಂದು ಖುಷಿಯೇ ಆಯಿತು. "ಅವರ ಮಡಿ ಅವರಿಗೆ, ನಮ್ಮ ಮಡಿ ನಮಗೆ" ಎಂದು ಹೇಳಿ ಈ ಪಾತ್ರೆ ಕೊಂಡು ತಂದರು. ನೈವೇದ್ಯದ ಅಡುಗೆಯಿಂದ ಮೊದಲೇ ಎತ್ತಿಟ್ಟರೆ ದೇವರಿಗೆ ಎಂಜಲಾಗುತ್ತದೆ, ಆಮೇಲೆ ಎತ್ತಿಟ್ಟರೆ ಸಾರಮ್ಮನಿಗೆ ಆಗುವುದಿಲ್ಲ. ಆದ್ದರಿಂದ ಹಿತ್ತಲ ಸೀಮೆಎಣ್ಣೆ ಸ್ಟೌವಿನ ಮೇಲೆ ಬೇರೆಯಾಗಿ ಹುಳಿ ಮಾಡಿ, ಅದಕ್ಕೇ ಅನ್ನ ಕಲಸಿ, ಪಾತ್ರೆ ಸಮೇತ ಎದುರು ಮನೆಗೆ ಕಳಿಸುತ್ತಿದ್ದರು. ಅಲ್ಲೂ ಉಪ್ಪು ನೋಡುತ್ತಿರಲಿಲ್ಲ. "ಇದು ದೇವರಿಗಲ್ಲವಲ್ಲಮ್ಮ, ನೋಡಿದರೇನು?" ಎಂದು ನಾನು ಕೇಳಿದ್ದಕ್ಕೆ, "ಅತಿಥಿಗಳ ಪಾತ್ರೆಗೆ ಬಾಯಿ ಹಾಕ್ತಾರೇನೇ?" ಎಂದು ಗದರಿದರು. ಸಾರಮ್ಮ ಕಣ್ಣು ಮುಚ್ಚಿ, "ಸ್ವಾಮಿ, ನೋಡ್ಕೋ" ಎಂದು ಹೇಳಿ ಊಟಕ್ಕೆ ಕೂರುತ್ತಿದ್ದರು. ಅವರ ಪ್ರಾರ್ಥನೆಯೆಲ್ಲ ಅಷ್ಟೇ. ಡೇನಿಯಲ್ ಬೆರಳು ನೆಕ್ಕುತ್ತ ತಳ ಬಳಿಯುತ್ತಿದ್ದ.

ನಾನು ಗಂಡನ ಮನೆ ಬಿಟ್ಟು ಬಂದ ವರ್ಷ ನಂಟರೆಲ್ಲ ಒಬ್ಬೊಬ್ಬರಾಗಿ ಬಂದು, ಕಾಫಿ ಕುಡಿದು, ಯಾಕೆ ಬಿಟ್ಟೆ ಎಂದು ಕೇಳಿ ಹೋದರು. ಕೇಳದೆ ಇದ್ದವರು ಸಾರಮ್ಮ ಒಬ್ಬರೇ. "ಗುರುವಾರ ನನ್ನ ಜೊತೆ ಬಾ ಕಣ್ಣು" ಎಂದರು. ತಮಿಳರ ಹಾಗೆ ಅವರು ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. ಗುರುವಾರ ಅವರು ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ಹೋಗಿ, ಯಾರೂ ನೋಡಿಕೊಳ್ಳುವವರಿಲ್ಲದ ರೋಗಿಗಳ ತಲೆ ಬಾಚುತ್ತಿದ್ದರು.

"ಏನು ಮಾತಾಡಬೇಕು?" ಎಂದೆ.

"ಏನೂ ಬೇಡ. ಸಿಕ್ಕು ಬಿಡಿಸೋವಾಗ ನೋಯಿಸ್ಬೇಡ, ಸಾಕು."

ನನ್ನ ಬಾಯಿ ಸುಮ್ಮನಿರುವುದಲ್ಲ. "ಅವರಿಗೆ ಏಸುವಿನ ಬಗ್ಗೆ ಹೇಳಲ್ವಾ?" ಎಂದು ಕೆಣಕಿದೆ.

"ಅಯ್ಯೋ, ಸುಸ್ತಾಗಿ ಮಲಗಿದ್ದಾರೆ, ಅವರ ಹತ್ರ ಏನು ಭಾಷಣ? ಬೇಕಾದ್ರೆ ಅವನೇ ಬಂದು ಮಾತಾಡ್ತಾನೆ, ಅವನಿಗೆ ಬಾಯಿಲ್ವಾ?"

ನನ್ನನ್ನು ಬದುಕಿಸಿದ್ದು ಆ ಗುರುವಾರಗಳು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ? ವಠಾರ ಹೋಯಿತು, ಅಮ್ಮ ಹೋದರು, ಸಾರಮ್ಮ ಮಗನ ಜೊತೆ ಊರಾಚೆ ಮಣಲಿಯ ಕಡೆ ಹೋದರು. ನಾನು ಮಾತ್ರ ಇವತ್ತಿಗೂ ಗುರುವಾರ ಬಾಚಣಿಗೆ ಹಿಡಿದು ಆ ವಾರ್ಡಿಗೆ ಹೋಗುತ್ತೇನೆ.

ಹೋದ ತಿಂಗಳು ಸಾರಮ್ಮನ ಫೋನು ಬಂತು. ಹಾಸಿಗೆ ಹಿಡಿದು ಬಹಳ ದಿನವಾಗಿತ್ತು, ದನಿ ನೂಲಿನಂತಿತ್ತು. "ಬಾಯೆಲ್ಲ ಸಪ್ಪೆ ಕಣ್ಣು. ನಿಮ್ಮಮ್ಮನ ಹುಳಿ ಅನ್ನ ಒಂದು ತುತ್ತು ತಿಂದು ಹೋಗ್ಬೇಕು ಅನ್ಸುತ್ತೆ. ಮಾಡ್ತೀಯಾ?" ಎಂದರು. ಮರುದಿನವೇ ಪಾತ್ರೆ ತೆಗೆದೆ. ಅಣ್ಣ ಪೇಪರಿನಿಂದ ತಲೆ ಎತ್ತದೆ, "ಅಮ್ಮನ ಕಾಲ ಬೇರೆ. ಈಗೆಲ್ಲ ಅವರ ಸಹವಾಸ ಯಾಕೆ ಬೇಕು?" ಎಂದ. ಅವನ ಮೊದಲ ಯೂನಿಫಾರಂ ಹೊಲಿದುಕೊಟ್ಟವರು ಸಾರಮ್ಮ. ನಾನು ಬೇರೆ ಸ್ಟೌ ಹಚ್ಚಿ, ಉಪ್ಪು ನೋಡದೆ, ಅಮ್ಮನ ಹಾಗೆಯೇ ಮಾಡಿ, ಬಿಸಿ ಆರದಂತೆ ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದೆ.

ಡೇನಿಯಲ್ ಬಾಗಿಲು ತೆಗೆದ. ಈಗವನು ಯಾವುದೋ ದೊಡ್ಡ ಹೊಸ ಕ್ರೈಸ್ತ ಸಭೆಗೆ ಹೋಗುತ್ತಾನಂತೆ. ಎ.ಸಿ. ಹಾಲು, ಡ್ರಮ್ಮು, ಎಲ್ಲ ಉಂಟು. ಕೈಯಲ್ಲಿದ್ದ ಪಾತ್ರೆಯನ್ನು ಅವನು ಕಂಡ ಕೂಡಲೇ ಗುರುತಿಸಿದ, ಮುಖ ನೋಡಿಯೇ ನನಗದು ತಿಳಿಯಿತು. "ತಪ್ಪಾ ನೆನಚ್ಚುಕಾದೀಂಗ ಅಕ್ಕಾ" ಎಂದ. ತಪ್ಪು ತಿಳೀಬೇಡಿ. ಅವನಮ್ಮ ಹೇಳಿದ್ದ ಅದೇ ಮಾತು, ಆದರೆ ತಮಿಳಿನಲ್ಲಿ. ಹುಟ್ಟಿದಾಗಿನಿಂದ ನನ್ನ ಹತ್ತಿರ ಕನ್ನಡ ಆಡಿದ ಹುಡುಗ! ವಿಗ್ರಹ ಇರುವ ಮನೆಯ ಊಟ ಕೂಡದು ಎಂದು ಪಾಸ್ಟರ್ ಹೇಳಿದ್ದಾರೆ ಎಂದ.

"ಇದು ನೈವೇದ್ಯ ಆಗಿಲ್ಲ ಕಣೋ. ಅದಕ್ಕೇ ಅಲ್ವಾ ಈ ಪಾತ್ರೆ ಇರೋದು? ನೀನೂ ತಿಂದಿದ್ದೀಯಲ್ಲೋ!"

"ದೇವರಿಗೆ ಇಡದಿದ್ರೂ ಆ ಮನೆದೇ ಅಲ್ವಾ ಅಕ್ಕಾ" ಎಂದು ನೆಲ ನೋಡಿದ.

ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮವರ ಮೇಲೆ ಗಾದೆ ಮಾಡಿದವರು ಪಾಸ್ಟರುಗಳನ್ನು ಕಂಡಿರಲಿಲ್ಲ. ಪಾತ್ರೆ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಉಳಿಯಿತು, ನಾನು ಒಳಗೆ ಹೋದೆ. ಸಾರಮ್ಮನಿಗೆ ಕಣ್ಣು ಮಂಜಾಗಿತ್ತು. "ತಂದ್ಯಾ?" ಎಂದರು. ಮಗ ಬಾಗಿಲಲ್ಲೇ ನಿಂತಿದ್ದ. ಆ ಸ್ಥಿತಿಯಲ್ಲಿ ಅವರಿಗೆ ಅವನ ಮಾತು ಹೇಳುವ ಧೈರ್ಯ ನನಗೆ ಬರಲಿಲ್ಲ. "ಇಲ್ಲಮ್ಮ, ಮುಂದಿನ ವಾರ ತರ್ತೀನಿ" ಎಂದೆ. "ಸರಿ ಕಣ್ಣು" ಎಂದರು. ಬೇರೇನೂ ತೋಚದೆ ಅವರ ತಲೆ ಬಾಚಿದೆ. ಬಾಚಲಿಕ್ಕೆ ಹೆಚ್ಚೇನೂ ಉಳಿದಿರಲಿಲ್ಲ.

ಪಾತ್ರೆ ಮನೆಗೆ ವಾಪಸು ಬಂತು. ಅತ್ತಿಗೆ ಮುಚ್ಚಳ ತೆಗೆದು ನೋಡಿ, "ನೈವೇದ್ಯ ಆಗಿಲ್ವಲ್ಲ, ಯಾರು ತಿಂತಾರೆ? ಚೆಲ್ಲಿಬಿಡು" ಎಂದರು. ಅಲ್ಲಿ ದೇವರಿರುವ ಮನೆಯದೆಂದು ಬೇಡ, ಇಲ್ಲಿ ದೇವರಿಗೆ ಇಡದ್ದೆಂದು ಬೇಡ. ಅಡುಗೆಮನೆಯ ನೆಲದ ಮೇಲೆ ಕೂತು, ಅತ್ತಿಗೆ ನೋಡುತ್ತಿದ್ದ ಹಾಗೆಯೇ, ಪಾತ್ರೆಯಿಂದಲೇ ತಿಂದೆ. ಉಪ್ಪು ಸರಿಯಾಗಿತ್ತು. ಚೂರು ಹೆಚ್ಚೋ ಕಡಿಮೆಯೋ ಆಗಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲವೇನೋ.

ಮುಂದಿನ ವಾರ ಬರುವ ಮೊದಲೇ ಸಾರಮ್ಮ ಹೋದರು. ಮಣ್ಣು ಮಾಡುವಾಗ ಪಾಸ್ಟರ್ ಮೈಕು ಹಿಡಿದು, ಎಷ್ಟೋ ಆತ್ಮಗಳನ್ನು ಕರ್ತನ ಬಳಿಗೆ ತಂದ ತಾಯಿ ಎಂದು ಹೊಗಳಿದ. ಅವರು ಯಾರನ್ನೂ ಎಲ್ಲಿಗೂ ಎಳೆದು ತಂದವರಲ್ಲ. ಸಾರಮ್ಮ ಆಗಿದ್ದರೆ ಅವನನ್ನೂ ಡೇನಿಯಲ್‌ನನ್ನೂ ಅಲ್ಲೇ ಕ್ಷಮಿಸಿ, ತಲೆ ಸವರಿ ಕಳಿಸುತ್ತಿದ್ದರು. ಅದೊಂದನ್ನು ಅವರು ನನಗೆ ಕಲಿಸದೆ ಹೋದರು, ಅಥವಾ ನಾನು ಕಲಿಯಲಿಲ್ಲ.

ಅತ್ತಿಗೆ ಇನ್ನೂ ಪಾತ್ರೆ ಹಿಡಿದು ನಿಂತೇ ಇದ್ದಾರೆ. ಇವತ್ತು ಗುರುವಾರ, ನನಗೆ ಆಸ್ಪತ್ರೆಗೆ ಹೊತ್ತಾಯಿತು. ಆದರೂ ಪಾತ್ರೆ ಇಸಿದುಕೊಂಡು, ತೊಳೆದು, ಬೇರೆ ಸ್ಟೌವಿನ ಮೇಲೆ ಬೇಳೆಗೆ ಇಟ್ಟೆ.

"ಇದನ್ನಿಟ್ಕೊಂಡು ಏನೇ ಮಾಡ್ತೀಯ? ಅದರಲ್ಲಿ ತಿನ್ನೋರೇ ಹೋದ್ರಲ್ಲ" ಎಂದರು ಅತ್ತಿಗೆ.

"ನಾನಿದ್ದೀನಲ್ಲ ಅತ್ತಿಗೆ" ಎಂದೆ.