ಪ್ಲೇಟಿನ ಇನ್ನೊಂದು ಮಗ್ಗಲು

ರೋಣದ ಸಂತೆಯ ದಿನ ಅಲ್ಲಿಯ ಚಹಾದಂಗಡಿ ಮಾಲಕರು ಗ್ರಾಮಫೋನ್ ಹಚ್ಚುತ್ತಿದ್ದರು. ಹಾಡಿನ ಹೊಸ ಪ್ಲೇಟು ಬಂದರೆ ಒಂದು ಸಂತೆಗೆ ಒಂದೇ ಮಗ್ಗಲು; ಇನ್ನೊಂದನ್ನು ಮುಂದಿನ ಸಂತೆಗೆ ಕಾಯ್ದಿಡುವುದು ಅವರ ಪದ್ಧತಿ.

ನಮ್ಮೆಲ್ಲರ ಮೆಚ್ಚಿನ ನಾಟಕದ ಗಾಯಕಿಯ ಹೊಸ ಪ್ಲೇಟಿನಲ್ಲಿ ಸಿನಿಮಾ ವಾದ್ಯಗಳದೇ ಗದ್ದಲ. ಹರೇದ ಹುಡುಗರು, "ಭಾಳ ಚಲೋ ಐತಿ" ಅಂದರು. ಹತ್ತಿ ದಲಾಲರೊಬ್ಬರು, "ಧ್ವನಿ ಹೋತ್ರಿ ಆಕೀದು" ಎಂದು ಕಪ್ಪು-ಬಸಿ ಕುಕ್ಕಿ ಎದ್ದುಹೋದರು. ಮಾಲಕರು ಧೋತರದ ಚುಂಗಿನಿಂದ ಪ್ಲೇಟು ಒರೆಸುತ್ತ, "ಇನ್ನೊಂದ್ ಮಗ್ಗಲ ಐತ್ರಿ" ಅಂದರು. ವಾರವಿಡೀ ಯಾರು ಬೈದರೂ ಅದೇ ಮಾತು.

ಮುಂದಿನ ಸಂತೆಯಲ್ಲಿ ಅವರು ಪ್ಲೇಟು ಮಗುಚಿ ಸೂಜಿ ಇಟ್ಟರು. ಬರೀ ಹಾರ್ಮೋನಿಯಂ, ತಬಲಾ. ಅವುಗಳ ಮೇಲೆ ಆಕೆಯ ಅದೇ ತುಂಬುಧ್ವನಿ. ದಲಾಲರು ಬಾಗಿಲಲ್ಲೇ ನಿಂತು ಟೊಪ್ಪಿಗೆ ತೆಗೆದರು.

ಮಾಲಕರು ಬಾಕಿನ ಮೇಲೆ ಕುಸಿದು ಕೂತು, ಉಸಿರುಬಿಟ್ಟು, "ನಾನೂ ಇದನ್ನ ಈಗ ಮೊದಲನೇ ಸಲ ಕೇಳಾಕತ್ತೀನ್ರಿ" ಅಂದರು.